ಥಂಬ್ ಟಿಪ್ ಬಣ್ಣ ನಮ್ಮ ಕೈಗೆ ಹೊಂದದಿದ್ದರೆ ಸಿಕ್ಕಿಬೀಳ್ತೀವಾ?

ಹೊಸಬ_ಮೈಸೂರು:
ಎಲ್ಲರಿಗೂ ನಮಸ್ಕಾರ. ದಸರಾ ವಸ್ತುಪ್ರದರ್ಶನದಲ್ಲಿ ಒಂದು ಥಂಬ್ ಟಿಪ್ ಕೊಂಡೆ. ಅದೇ, ಹೆಬ್ಬೆರಳಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಬೆರಳು. ಜೊತೆಗೆ ಒಂದು ಸಣ್ಣ ಕೆಂಪು ಕರ್ಚೀಫ್ ಕೊಟ್ಟರು. ಅಂಗಡಿಯವರು ಮಾಡಿ ತೋರಿಸಿದಾಗ ಕರ್ಚೀಫ್ ಮುಷ್ಟಿಯೊಳಗೆ ಹೋಗಿ ಮಾಯವಾಯಿತು. ನಾನು ಎರಡಡಿ ದೂರದಲ್ಲೇ ನಿಂತಿದ್ದೆ, ಏನೂ ಗೊತ್ತಾಗಲಿಲ್ಲ.

ಮನೆಗೆ ಬಂದು ಹಾಕಿಕೊಂಡು ನೋಡಿದರೆ ಟಿಪ್ಪಿನ ಬಣ್ಣ ತಿಳಿ ಗುಲಾಬಿ. ನನ್ನದು ಎಣ್ಣೆಗಪ್ಪು ಕೈ. ಮೇಲಾಗಿ ಟಿಪ್ ಫಳಫಳ ಹೊಳೆಯುತ್ತದೆ. ಮುಂದಿನ ತಿಂಗಳು ಅಕ್ಕನ ಮಗಳ ಹುಟ್ಟುಹಬ್ಬ, ಅಲ್ಲಿ ಮಾಡಿ ತೋರಿಸಬೇಕು ಅಂತ ಆಸೆ. ಇದಕ್ಕೆ ಬಣ್ಣ ಬಳಿಯಬೇಕಾ, ಬೇರೆಯದೇ ಕೊಳ್ಳಬೇಕಾ? ಕರ್ಚೀಫ್ ಬಿಟ್ಟು ಇದರಲ್ಲಿ ಇನ್ನೇನು ಮಾಡಬಹುದು? ತಿಳಿದವರು ಹೇಳಿ.

ಕೈಚಳಕ:
ಬಣ್ಣದ ಚಿಂತೆ ಬಿಡಿ. ಹೊಸದಾಗಿ ಕೊಂಡವರೆಲ್ಲ ಮೊದಲು ಕೇಳುವುದು ಇದನ್ನೇ. ಸಿಕ್ಕಿಬೀಳುವುದು ಮಾತ್ರ ಬೇರೆ ಕಾರಣಕ್ಕೆ.

ಆ ಅಂಗಡಿಯವರ ಕೈ ನೆನಪಿಸಿಕೊಳ್ಳಿ. ಅವರ ಹೆಬ್ಬೆರಳು ಬಹುಶಃ ನಿಮ್ಮ ಕಡೆಗೇ ನೇರವಾಗಿ ಚಾಚಿತ್ತು. ಬೆರಳಿನ ತುದಿ ನೋಡುವವರ ಕಣ್ಣಿಗೆ ನೇರವಾಗಿದ್ದರೆ ಅವರಿಗೆ ಕಾಣುವುದು ಒಂದು ಸಣ್ಣ ವೃತ್ತ ಅಷ್ಟೇ. ಟಿಪ್ಪಿನ ಉದ್ದ ಕಾಣುವುದಿಲ್ಲ, ಟಿಪ್ ಮುಗಿದು ನಿಮ್ಮ ಚರ್ಮ ಶುರುವಾಗುವ ಅಂಚು ಕಾಣುವುದಿಲ್ಲ. ಗುಟ್ಟು ಬಿಟ್ಟುಕೊಡುವುದು ಆ ಅಂಚು. ಬಣ್ಣ ಹೊಂದಿದರೂ ಅಂಚು ಕಂಡರೆ ಮುಗಿಯಿತು. ಬಣ್ಣ ಹೊಂದದಿದ್ದರೂ ಅಂಚು ಕಾಣದಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೊಂದು, ಕೈ ನಿಲ್ಲಿಸಿ ತೋರಿಸಬೇಡಿ. ಮಾತಾಡುವಾಗ ಕೈ ಹೇಗೆ ಆಡುತ್ತದೋ ಹಾಗೇ ಆಡಲಿ. "ನೋಡಿ, ಕೈ ಖಾಲಿ ಇದೆ" ಅಂತ ಬಾಯಿಬಿಟ್ಟು ಹೇಳಲೇಬಾರದು. ಹೇಳಿದ ಕ್ಷಣವೇ ಎಲ್ಲರೂ ಕೈ ನೋಡುತ್ತಾರೆ. ಬರೀ ಅಂಗೈ ತೆರೆದು, ತೋಳು ಸರಿಮಾಡಿಕೊಂಡು, ಮುಂದಿನ ಕೆಲಸಕ್ಕೆ ಹೋಗಿ. ಖಾಲಿ ಅಂತ ಅವರೇ ಅಂದುಕೊಳ್ಳುತ್ತಾರೆ.

ಬಣ್ಣಕ್ಕಿಂತ ಹೊಳಪು ತೊಂದರೆ ಕೊಡುತ್ತದೆ. ನುಣುಪು ಮರಳು ಕಾಗದದಿಂದ ಮೆಲ್ಲಗೆ ಒಂದು ಸಲ ಉಜ್ಜಿ. ಇಲ್ಲವೇ ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಸವರಿ. ಪೇಂಟ್ ಬೇಡ. ಟಿಪ್ ಮಾಡುವ ಮೆತ್ತನೆ ಪ್ಲಾಸ್ಟಿಕ್, ಅಂದರೆ ವಿನೈಲ್, ಬಾಗುತ್ತದೆ, ಪೇಂಟ್ ಬಾಗುವುದಿಲ್ಲ, ಒಡೆದು ಪುಡಿ ಉದುರುತ್ತದೆ.

ಈಗ ಕೈ ಕೆಲಸ. ಟಿಪ್ ಬಲ ಹೆಬ್ಬೆರಳಲ್ಲಿ ಇದೆ ಅಂದುಕೊಳ್ಳಿ. ಎಡಗೈ ಸಡಿಲ ಮುಷ್ಟಿ ಮಾಡಿ, ಬಲ ಹೆಬ್ಬೆರಳನ್ನು ಒಳಗೆ ತೂರಿಸಿ. ಜಾಗ ಮಾಡುತ್ತಿದ್ದೀರಿ ಅಂತ ಕಾಣಬೇಕು. ಟಿಪ್ ಮುಷ್ಟಿಯೊಳಗೇ ಉಳಿಯಲಿ, ಹೆಬ್ಬೆರಳು ಹೊರಗೆ ಬರಲಿ. ಆಮೇಲೆ ಕರ್ಚೀಫಿನ ಒಂದು ಮೂಲೆ ಹಿಡಿದು ಮುಷ್ಟಿಯಲ್ಲಿರುವ ಟಿಪ್ಪಿನೊಳಗೆ ತುರುಕಲು ಶುರು ಮಾಡಿ. ತೋರುಬೆರಳಿಂದ ಒಂದು ಸಲ, ನಡುಬೆರಳಿಂದ ಒಂದು ಸಲ, ಹೆಬ್ಬೆರಳಿಂದ ಒಂದು ಸಲ, ಮತ್ತೆ ತೋರುಬೆರಳು. ಕೊನೆಯ ಚೂರು ಒಳಗೆ ಹೋಗುವಾಗ ಹೆಬ್ಬೆರಳು. ಅದು ಟಿಪ್ ಹಾಕಿಕೊಂಡೇ ಹೊರಗೆ ಬರುತ್ತದೆ. ಮಧ್ಯದಲ್ಲಿ ಹೆಬ್ಬೆರಳು ಯಾಕೆ ಬಂತು ಗೊತ್ತಾ? ಕೊನೆಯಲ್ಲಿ ಅದು ಮೊದಲ ಸಲ ಬಂದರೆ ಕಣ್ಣು ಅದರ ಮೇಲೆ ಹೋಗುತ್ತದೆ. ಅಷ್ಟರೊಳಗೆ ಬಂದು ಹೋಗಿದ್ದರೆ ಅದೂ ಒಂದು ಬೆರಳು, ಅಷ್ಟೇ.

ಟಿಪ್ ತೆಗೆದುಕೊಂಡ ಕೂಡಲೇ ಮುಷ್ಟಿ ಬಿಚ್ಚಬೇಡಿ. ಬಲಗೈ ಕೆಳಗೆ ಇಳಿಯಲಿ. ನೀವು ಎಡ ಮುಷ್ಟಿಯನ್ನೇ ನೋಡುತ್ತಿರಿ. ಊದಿ, ಮಗುವಿನ ಹತ್ತಿರ ಊದಿಸಿ. ಆಮೇಲೆ ಒಂದೊಂದೇ ಬೆರಳು ಬಿಚ್ಚಿ.

ಇಸ್ಪೀಟು_ರಾಣಿ:
ಕೈಚಳಕ ಸರ್ ಹೇಳಿದ್ದು ಪೂರ್ತಿ ಸರಿ. ಹೆಣ್ಣುಮಕ್ಕಳಿಗೆ ಬೇಕಾದ ಎರಡು ಮಾತು ನಾನು ಸೇರಿಸುತ್ತೇನೆ.

ಜಾತ್ರೆ, ವಸ್ತುಪ್ರದರ್ಶನದಲ್ಲಿ ಸಿಗುವುದು ಸಾಮಾನ್ಯವಾಗಿ ಗಂಡಸರ ಅಳತೆ. ನನ್ನ ಹೆಬ್ಬೆರಳಿಗೆ ಅದು ಜೋಲಾಡುತ್ತದೆ. ಕೈ ಬೀಸಿದರೆ ಹಾರಿಹೋಗುತ್ತದೆ. ಒಳಗೋಡೆಗೆ ಬಟ್ಟೆಯ ಬ್ಯಾಂಡ್‌ಏಡ್ ಒಂದು ತುಂಡು ಅಂಟಿಸಿದರೆ ಹಿಡಿತ ಬರುತ್ತದೆ. ಚಿಕ್ಕ ಅಳತೆಯದೂ ಮಾರುತ್ತಾರೆ, ಆದರೆ ಅದರಲ್ಲಿ ಜಾಗ ಕಡಿಮೆ, ಕರ್ಚೀಫೂ ಚಿಕ್ಕದೇ ಬೇಕು.

ಉಗುರಿಗೆ ಬಣ್ಣ ಹಚ್ಚಿದ್ದರೆ ಅದೇ ಬಾಟಲಿಯಿಂದ ಟಿಪ್ಪಿನ ಉಗುರಿಗೂ ಹಚ್ಚಿ. ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಐದು ಉಗುರಿನಲ್ಲೂ ಒಂದೇ ಕೆಂಪು ಕಂಡರೆ ಚರ್ಮದ ಬಣ್ಣದ ಕಡೆ ಗಮನವೇ ಹೋಗುವುದಿಲ್ಲ. ಮದರಂಗಿ ಹಾಕಿದ ಕೈಯಲ್ಲಿ ಮಾತ್ರ ಬೇಡವೇ ಬೇಡ. ಬೆರಳ ತುದಿಯೆಲ್ಲಾ ಕೆಂಪಾಗಿದ್ದು ಒಂದೇ ಒಂದು ತಿಳಿಯಾಗಿದ್ದರೆ ಮದುವೆಮನೆಯ ಅಜ್ಜಿಯಂದಿರೇ ಹಿಡಿಯುತ್ತಾರೆ.

ಹೊಸಬ_ಮೈಸೂರು:
ಇಬ್ಬರಿಗೂ ಥ್ಯಾಂಕ್ಸ್. ಕನ್ನಡಿ ಮುಂದೆ ಮಾಡಿ ನೋಡಿದೆ. ಬೆರಳು ಕನ್ನಡಿ ಕಡೆ ಚಾಚಿದರೆ ನಿಜವಾಗಿಯೂ ಕಾಣುವುದಿಲ್ಲ! ಕರ್ಚೀಫ್ ಮಾತ್ರ ಕೊನೆಯಲ್ಲಿ ತುಸು ಹೊರಗೆ ಉಳಿಯುತ್ತದೆ.

ಕೈಚಳಕ:
ಕರ್ಚೀಫಿನ ಬಟ್ಟೆ ನೋಡಿ. ಪಾಲಿಯೆಸ್ಟರ್ ಆದರೆ ಕುಗ್ಗುವುದಿಲ್ಲ, ಸ್ಪ್ರಿಂಗ್ ಥರ ಹೊರಗೆ ಬರುತ್ತದೆ. ತೆಳು ರೇಷ್ಮೆ ಬೇಕು. ಮಾಮೂಲಿ ಟಿಪ್ಪಿಗೆ 9 ಇಂಚಿನ ಚೌಕ ರೇಷ್ಮೆ ಸರಿಹೋಗುತ್ತದೆ. 12 ಇಂಚು ಬೇಕಾದರೆ ಉದ್ದದ ಟಿಪ್ ಬೇಕು. ನಮ್ಮ ಕಡೆ ರೇಷ್ಮೆಗೇನು ಬರ, ಹೇಳಿ. ಮೈಸೂರಲ್ಲಿ ರೇಷ್ಮೆ ಬಟ್ಟೆ ಅಂಗಡಿಯಲ್ಲಿ ತೆಳು ಲೈನಿಂಗ್ ತುಂಡು ಕೇಳಿ ನೋಡಿ. ಅಂಚು ಮಡಿಚಿ ಹೊಲಿಸುವಾಗ ದಪ್ಪ ಹೊಲಿಗೆ ಬೇಡ ಅಂತ ಟೈಲರಿಗೆ ಹೇಳಿ. ಹೊಲಿಗೆಯೇ ಅರ್ಧ ಜಾಗ ತಿನ್ನುತ್ತದೆ.

ಟಿಪ್ಪಿನೊಳಗೆ ಜಾಗ ಎಲ್ಲಿಂದ ಬರುತ್ತದೆ ಅನ್ನುವುದೂ ತಿಳಿದಿರಲಿ. ನಿಮ್ಮ ಬೆರಳು ತುದಿಯವರೆಗೆ ಹೋಗಬಾರದು. ಗೆಣ್ಣಿನ ಹತ್ತಿರ ಬಿಗಿಯಾಗಿ ಕೂತು, ತುದಿಯಲ್ಲಿ ಖಾಲಿ ಉಳಿಯಬೇಕು. ಆ ಖಾಲಿಯಲ್ಲೇ ಎಲ್ಲ ಆಟ.

ಶಾಲೆ_ಮೇಷ್ಟ್ರು:
ಈ ಚರ್ಚೆ ನೋಡಿ ಖುಷಿಯಾಯಿತು. ನಾನು ಹಳ್ಳಿ ಶಾಲೆಗಳಲ್ಲಿ ಪವಾಡ ಬಯಲು ಕಾರ್ಯಕ್ರಮ ಮಾಡುತ್ತೇನೆ. ಅಲ್ಲಿ ಇಂಥ ಸಾಮಾನು ತೋರಿಸಿ, ಮಾಡಿ, ಆಮೇಲೆ ಮಕ್ಕಳ ಕೈಗೇ ಕೊಡುತ್ತೇನೆ.

ನಮ್ಮ ರಾಜ್ಯದಲ್ಲಿ ಈ ಮಾತಿಗೆ ಒಂದು ಹಿನ್ನೆಲೆ ಇದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. ಗಾಳಿಯಿಂದ ವಿಭೂತಿ ಬರಿಸುವವರನ್ನು ನಾಲ್ಕು ಜನರ ಮುಂದೆ ಪರೀಕ್ಷೆಗೆ ಕರೆಯುವ ಧೈರ್ಯ ಆಗ ಸಣ್ಣದಲ್ಲ. ವಿಚಾರವಾದಿಗಳಾದ ಅಬ್ರಹಾಂ ಕೋವೂರ್, ಬಿ. ಪ್ರೇಮಾನಂದ್ ಊರೂರು ಸುತ್ತಿ ಅದೇ ವಿಭೂತಿಯನ್ನು ಕೈಚಳಕದಿಂದ ತೆಗೆದು ತೋರಿಸಿದರು. ಗಂಜಿ ಬೆರೆಸಿ ಒಣಗಿಸಿದ ಬೂದಿಯ ಸಣ್ಣ ಉಂಡೆಯನ್ನು ಬೆರಳಸಂದಿಯಲ್ಲಿ ಇಟ್ಟುಕೊಂಡು ಪುಡಿ ಮಾಡಿದರೆ ಸಾಕು, ಟಿಪ್ಪೂ ಬೇಡ.

ಹೊಸಬ ಅವರೇ, ಹುಟ್ಟುಹಬ್ಬದಲ್ಲಿ ಮಾಡುವುದು ಸಂತೋಷ. "ನನಗೆ ಶಕ್ತಿ ಇದೆ" ಅಂತ ಮಕ್ಕಳಿಗೆ ಮಾತ್ರ ಹೇಳಬೇಡಿ. ಇದು ಆಟ, ಕಲಿತರೆ ನಿಮಗೂ ಬರುತ್ತದೆ ಅಂತ ಹೇಳಿ.

ಕೈಚಳಕ:
ಮೇಷ್ಟ್ರೇ, ನಿಮ್ಮ ಕೆಲಸದ ಬಗ್ಗೆ ಗೌರವ ಇದೆ. ಮಕ್ಕಳ ಕೈಗೆ ಟಿಪ್ ಕೊಡುವುದನ್ನು ಮಾತ್ರ ಒಪ್ಪಲಾರೆ. ಬೂದಿಯ ಹೆಸರಲ್ಲಿ ಮೋಸ ಮಾಡುವವನ ಗುಟ್ಟು ಒಡೆಯಿರಿ, ಸರಿ. ಕರ್ಚೀಫ್ ಮಾಯ ಮಾಡಿ ಊಟ ಸಂಪಾದಿಸುವ ಜಾದೂಗಾರ ಯಾರಿಗೆ ಮೋಸ ಮಾಡಿದ? ನೀವು ತೋರಿಸಿ ಹೋದ ಶಾಲೆಗೆ ಮುಂದಿನ ತಿಂಗಳು ಅವನು ಬಂದರೆ ಮಕ್ಕಳು "ಹೆಬ್ಬೆರಳು, ಹೆಬ್ಬೆರಳು" ಅಂತ ಕೂಗುತ್ತಾರೆ. ಅವನ ಒಂದು ದಿನದ ಸಂಪಾದನೆ ಹೋಯಿತು.

ಶಾಲೆ_ಮೇಷ್ಟ್ರು:
ನಿಮ್ಮ ನೋವು ಅರ್ಥವಾಗುತ್ತದೆ ಸರ್. ಆದರೆ ನಾನು ಹೋಗುವ ಊರುಗಳಲ್ಲಿ ಇದೇ ಥರದ ಸಾಮಾನು ಬಳಸಿ "ಮಾಟ ತೆಗೆದೆ" ಅಂತ ದುಡ್ಡು ಕೀಳುತ್ತಾರೆ. ಆಣೆ ಮಾಡಿ, ಕೋಳಿ ಕೊಯ್ದು, ಸಾಲ ಮಾಡಿ ಕೊಟ್ಟವರನ್ನು ನಾನು ನೋಡಿದ್ದೇನೆ. ಅಂಥವನ ಕೈಯಲ್ಲಿರುವುದು ಏನು ಅಂತ ಮಕ್ಕಳಿಗೆ ಗೊತ್ತಾದರೆ ಒಂದು ಮನೆಯಾದರೂ ಉಳಿಯುತ್ತದೆ. ಹಾಗಂತ ನಿಮ್ಮ ಮಾತು ತಳ್ಳಿಹಾಕುವುದಿಲ್ಲ. ವಿಭೂತಿ, ತೆಂಗಿನಕಾಯಿಯಲ್ಲಿ ಬೆಂಕಿ, ನಾಲಿಗೆಗೆ ತ್ರಿಶೂಲ, ಇವುಗಳಿಗೇ ನಿಲ್ಲಿಸಬಹುದು. ಕರ್ಚೀಫ್ ಆಟ ಗುಟ್ಟಾಗಿಯೇ ಇರಲಿ.

ನಿರ್ವಾಹಕ:
ಇಬ್ಬರೂ ಚೆನ್ನಾಗಿ ಮಾತಾಡಿದ್ದೀರಿ. ನಮ್ಮ ನಿಯಮ ನೆನಪಿಸುತ್ತೇನೆ. ಥಂಬ್ ಟಿಪ್ 19ನೇ ಶತಮಾನದ ಕೊನೆಯಿಂದ ಇರುವ ಸಾಮಾನು, ಮೊದಮೊದಲು ಲೋಹದ್ದೂ ಇತ್ತು. ರಸ್ತೆಬದಿಯಲ್ಲೇ ಮಾರುತ್ತಾರೆ. ಇದರ ಬಗ್ಗೆ ಮುಕ್ತವಾಗಿ ಮಾತಾಡಿ. ಈಗಿನ ಜಾದೂಗಾರರು ಹೊಸದಾಗಿ ಮಾಡಿ ಮಾರುತ್ತಿರುವ ಸಾಮಾನಿನ ಗುಟ್ಟು ಮಾತ್ರ ಇಲ್ಲಿ ಬರೆಯಬೇಡಿ. ಅದು ಅವರ ದುಡಿಮೆ.

ನ್ಯೂಜೆರ್ಸಿ_ಕನ್ನಡಿಗ:
ಕರ್ಚೀಫ್ ಬಿಟ್ಟು ಇನ್ನೇನು ಅಂತ ಕೇಳಿದ್ದಿರಿ. ನೋಟು ಬದಲಾಯಿಸುವ ಆಟ ಕಲಿಯಿರಿ. ಒಂದು ಡಾಲರ್ ನೋಟನ್ನು ಮಡಿಚಿ, ಬಿಚ್ಚುವಾಗ ನೂರು ಡಾಲರ್ ಆಗಿರುತ್ತದೆ. ಆ ನೂರರ ನೋಟು ಮೊದಲೇ ಟಿಪ್ಪಿನಲ್ಲಿ ಅಡಗಿರುತ್ತದೆ. ಇಲ್ಲಿ ಯುಗಾದಿ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಇದನ್ನೇ ಮಾಡುತ್ತೇನೆ. ಮಕ್ಕಳಿಗಿಂತ ಅಪ್ಪಂದಿರೇ ಜಾಸ್ತಿ ಹತ್ತಿರ ಬರುತ್ತಾರೆ. ಕರ್ಚೀಫ್ ಜಾದೂಗಾರನ ಸಾಮಾನು ಅಂತ ಎಲ್ಲರಿಗೂ ಗೊತ್ತು. ನೋಟು ಅವರದ್ದೇ ಜೇಬಿನದು, ಅದಕ್ಕೇ ಅಷ್ಟು ಪರಿಣಾಮ.

ಹೊಸಬ_ಮೈಸೂರು:
ವಾಹ್. ₹10 ಕೊಟ್ಟರೆ ₹500 ಮಾಡಬಹುದಾ ಹಾಗಾದರೆ?

ಕೈಚಳಕ:
ಇಲ್ಲೇ ನಮಗೂ ಅಮೆರಿಕಕ್ಕೂ ವ್ಯತ್ಯಾಸ. ಡಾಲರ್ ನೋಟುಗಳೆಲ್ಲ ಒಂದೇ ಅಳತೆ, ಒಂದಿರಲಿ ನೂರಿರಲಿ. ಆ ಆಟ ಹುಟ್ಟಿದ್ದೇ ಅಂಥ ನೋಟಿಗೆ. ನಮ್ಮ ಈಗಿನ ನೋಟುಗಳು ಬೆಲೆ ಏರಿದಂತೆ ಉದ್ದವಾಗುತ್ತವೆ. ₹10 ನೋಟು 123 ಮಿಲಿಮೀಟರ್ ಉದ್ದ, 63 ಅಗಲ. ₹100 ಆದರೆ 142, ₹200 ಆದರೆ 146, ₹500 ಆದರೆ 150. ಈ ಮೂರರದ್ದೂ ಅಗಲ 66.

ಹತ್ತರ ನೋಟು ಐನೂರಾದರೆ 27 ಮಿಲಿಮೀಟರ್ ವ್ಯತ್ಯಾಸ. ಮಡಿಚಿದಾಗಲೇ ಒಂದು ಇನ್ನೊಂದರ ಹಿಂದಿನಿಂದ ಇಣುಕುತ್ತದೆ. ನೂರು ಇನ್ನೂರಾದರೆ ಬರೀ 4, ನೂರು ಐನೂರಾದರೆ 8. ಇಷ್ಟನ್ನು ಬೆರಳು ಮುಚ್ಚಿಕೊಳ್ಳುತ್ತದೆ. ಹಾಗಾಗಿ ನೂರು ಕೇಳಿ, ಐನೂರು ಮಾಡಿ. ಬಣ್ಣವೂ ಸಹಾಯಕ್ಕೆ ಬರುತ್ತದೆ. ನೂರು ನೇರಳೆ, ಐನೂರು ಬೂದು. ದೂರದಿಂದಲೇ ಬದಲಾಗಿದ್ದು ಕಾಣುತ್ತದೆ. ಡಾಲರಿಗಿಂತ ಈ ವಿಷಯದಲ್ಲಿ ನಮ್ಮ ನೋಟೇ ವಾಸಿ.

ಹೊಸ ಗರಿಗರಿ ನೋಟು ಬೇಡ. ಸದ್ದು ಮಾಡುತ್ತದೆ. ಕೈ ಬದಲಾಯಿಸಿ ಮೆತ್ತಗಾದ ನೋಟು ಬೇಕು. ಆಟ ಮುಗಿದ ಮೇಲೆ ಐನೂರನ್ನು ಮತ್ತೆ ನೂರು ಮಾಡಿ ಅವರಿಗೇ ಕೊಡಿ. ಹೆಚ್ಚಿನವರು ಇದನ್ನು ಮರೆಯುತ್ತಾರೆ. ನೂರು ಕೊಟ್ಟವರು ತಮ್ಮ ನೋಟು ಎಲ್ಲಿ ಹೋಯಿತು ಅಂತ ಕೇಳಿಯೇ ಕೇಳುತ್ತಾರೆ ಅಲ್ವಾ?

ಕರಾವಳಿ_ಜಾದೂ:
ಉಪ್ಪಿನ ಆಟ ಯಾರೂ ಹೇಳಲಿಲ್ಲವಲ್ಲ! ನನಗೆ ಇದರಷ್ಟು ಇಷ್ಟವಾದ ಆಟ ಇನ್ನೊಂದಿಲ್ಲ. ಮುಷ್ಟಿಯೊಳಗೆ ಉಪ್ಪು ಸುರಿದು, ಮಾಯ ಮಾಡಿ, ಇನ್ನೊಂದು ಕೈಯಿಂದ ಧಾರೆ ಬಿಡುವುದು.

ನೆದರ್‌ಲ್ಯಾಂಡ್ಸ್‌ನ ಫ್ರೆಡ್ ಕಾಪ್ಸ್ ಅಂತ ಒಬ್ಬರಿದ್ದರು. ಜಾಗತಿಕ ಜಾದೂ ಸ್ಪರ್ಧೆಯಲ್ಲಿ ಮೂರು ಸಲ ಅತಿ ದೊಡ್ಡ ಬಹುಮಾನ ಗೆದ್ದವರು. 1964ರ ಫೆಬ್ರವರಿ 9ರಂದು ಅಮೆರಿಕದ ಟಿವಿಯಲ್ಲಿ ಬೀಟಲ್ಸ್ ತಂಡ ಮೊದಲ ಸಲ ಹಾಡಿ ಮುಗಿಸಿತು. ಅದೇ ಕಾರ್ಯಕ್ರಮದಲ್ಲಿ ಅವರ ಬೆನ್ನಿಗೇ ಬಂದವರು ಈ ಕಾಪ್ಸ್. ಬೀಟಲ್ಸ್‌ಗೆ ಹುಡುಗಿಯರ ಕಿರುಚಾಟ, ಆಮೇಲೆ ತೆರೆಯ ಮೇಲೆ ಇವರು. ಅದರ ಬೆನ್ನಿಗೇ ಟಿವಿ ನೋಡುವವರನ್ನು ಹಿಡಿದಿಡುವುದು ಸುಲಭವಾ?

ಅವರ ಉಪ್ಪಿನ ಆಟದಲ್ಲಿ ಗುಟ್ಟಿಗಿಂತ ಮುಖ ನೋಡಬೇಕು. ಧಾರೆ ನಿಲ್ಲುವುದೇ ಇಲ್ಲ. ಅವರೇ ಗಾಬರಿ ಬಿದ್ದವರ ಹಾಗೆ ನೋಡುತ್ತಾರೆ. ತಮ್ಮ ಕೈಯಿಂದ ಇದು ಯಾಕೆ ಬರುತ್ತಿದೆ ಅಂತ ಅವರಿಗೇ ಗೊತ್ತಿಲ್ಲ ಅನ್ನುವ ಹಾಗೆ. ಜನ ಅವರ ಮುಖ ನೋಡಿ ನಗುತ್ತಾರೆ. ಆ ಹೊತ್ತಲ್ಲಿ ಕೈಯನ್ನು ಅನುಮಾನಿಸುವವರು ಯಾರು? ಹೊಸಬರಿಗೆ ನಾನು ಹೇಳುವುದು ಇದೊಂದೇ. ಟಿಪ್ಪಿಗೆ ಖರ್ಚು ಮಾಡಿದ ಸಮಯದ ಎರಡರಷ್ಟು ಮುಖಕ್ಕೆ ಖರ್ಚು ಮಾಡಿ.

ಮಳೆಗಾಲದಲ್ಲಿ ನಮ್ಮ ಮಂಗಳೂರು ಕಡೆ ಉಪ್ಪು ನೀರು ಬಿಟ್ಟು ಗಂಟು ಕಟ್ಟುತ್ತದೆ. ಗಂಟಾದ ಉಪ್ಪು ಟಿಪ್ಪಿನ ತಳಕ್ಕೆ ಅಂಟಿಕೊಂಡು ಧಾರೆ ಮಧ್ಯದಲ್ಲೇ ನಿಲ್ಲುತ್ತದೆ. ಪುಡಿ ಉಪ್ಪನ್ನು ಬಾಣಲೆಯಲ್ಲಿ ಸ್ವಲ್ಪ ಬಿಸಿ ಮಾಡಿ, ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಬೆರಳು ಬೆವರಿದ್ದರೂ ಅದೇ ಪಾಡು. ಹಾಕಿಕೊಳ್ಳುವ ಮೊದಲು ಬೆರಳು ಒರೆಸಿ.

ಇಸ್ಪೀಟು_ರಾಣಿ:
ಮುಖದ ಮಾತಿಗೆ ಇನ್ನೊಂದು ಸೇರಿಸುತ್ತೇನೆ. 2005ರಲ್ಲಿ ಗುಸ್ಟಾವ್ ಕುನ್ ಮತ್ತು ಬೆಂಜಮಿನ್ ಟಾಟ್ಲರ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಜಾದೂಗಾರ ಲೈಟರ್, ಸಿಗರೇಟು ಎರಡನ್ನೂ ಮಾಯ ಮಾಡುತ್ತಾನೆ. ಸಿಗರೇಟನ್ನು ಮುಚ್ಚುಮರೆಯಿಲ್ಲದೆ ಮಡಿಲಿಗೆ ಬೀಳಿಸುತ್ತಾನೆ. ನೋಡುವವರ ಕಣ್ಣು ಎಲ್ಲಿತ್ತು ಅಂತ ಯಂತ್ರದಿಂದ ಅಳೆದರು. ಬಿದ್ದದ್ದು ಕಂಡವರಿಗೂ ಕಾಣದವರಿಗೂ ಕಣ್ಣಿನ ಜಾಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಗಮನ ಬೇರೆ, ಕಣ್ಣು ಬೇರೆ. ಗುಲಾಬಿ ಬಣ್ಣದ ಟಿಪ್ ನಮ್ಮ ಕಂದು ಕೈಯಲ್ಲಿ ದಕ್ಕುವುದು ಇದೇ ಕಾರಣಕ್ಕೆ. ಅದು ಕಣ್ಣಿಗೆ ಬೀಳುತ್ತದೆ, ಮನಸ್ಸಿಗೆ ಹೋಗುವುದಿಲ್ಲ. ಹೆಬ್ಬೆರಳು ಮುಖ್ಯ ಅಂತ ನೀವೇ ತೋರಿಸಿಕೊಡದಿದ್ದರೆ ಸಾಕು. ನೀವೇ ಅದನ್ನು ನೋಡುತ್ತಿದ್ದರೆ ಯಾವ ಬಣ್ಣ ಹಚ್ಚಿದರೂ ಪ್ರಯೋಜನ ಇಲ್ಲ.

ಕಾಲೇಜು_ಹುಡುಗ:
ಸರ್, ಕೆಂಪು ಲೈಟು ಉರಿಯುವ ಹೆಬ್ಬೆರಳು ಬರುತ್ತಲ್ಲ, ಅದು ಹೇಗಿದೆ? ಆಮೇಲೆ ಫ್ಲ್ಯಾಶ್ ಪೇಪರ್ ಎಲ್ಲಿ ಸಿಗುತ್ತದೆ? ಎರಡೂ ಸೇರಿಸಿ ಮಾಡಿದರೆ ಸೂಪರ್ ಇರುತ್ತದೆ.

ಇಸ್ಪೀಟು_ರಾಣಿ:
ಲೈಟಿನದು ಚೆನ್ನಾಗಿದೆ, ಮಕ್ಕಳಿಗಂತೂ ಪ್ರಾಣ. ಗಾಳಿಯಿಂದ ಬೆಳಕು ಹಿಡಿದು, ಕಿವಿಯೊಳಗೆ ಹಾಕಿ, ಬಾಯಿಂದ ತೆಗೆಯಬಹುದು. ಜಾದೂಗಾರ ರಾಕೊ ಸಿಲಾನೊ ಇದನ್ನು ಜನಪ್ರಿಯ ಮಾಡಿದರು. ತೀರಾ ಕತ್ತಲೆಯಲ್ಲಿ ಮಾಡಬೇಡಿ, ಬೆರಳೆಲ್ಲಾ ಕೆಂಪಾಗಿ ಕಾಣುತ್ತದೆ. ಸಂಜೆಯ ಮನೆ ಬೆಳಕು ಸಾಕು. ಒತ್ತುವ ಜಾಗ ಬೆರಳಿಗೆ ಗೊತ್ತಾಗುವವರೆಗೆ ಅಭ್ಯಾಸ ಬೇಕು, ಇಲ್ಲದಿದ್ದರೆ ಬೇಡದ ಹೊತ್ತಲ್ಲಿ ಮಿನುಗುತ್ತದೆ.

ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅದರೊಳಗೆ ಬಟನ್ ಸೆಲ್ ಇರುತ್ತದೆ. ಸಣ್ಣ ಮಕ್ಕಳು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಕೆಲವೇ ಗಂಟೆಗಳಲ್ಲಿ ಸುಟ್ಟ ಗಾಯ ಮಾಡುತ್ತದೆ. ಪ್ರಾಣಕ್ಕೇ ಅಪಾಯ. ನುಂಗಿದೆ ಅನ್ನುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಆಟ ಮುಗಿದ ಮೇಲೆ ಟಿಪ್ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ.

ನಿರ್ವಾಹಕ:
ಫ್ಲ್ಯಾಶ್ ಪೇಪರ್ ಎಲ್ಲಿ ಸಿಗುತ್ತದೆ ಅಂತ ಇಲ್ಲಿ ಯಾರೂ ಬರೆಯಬೇಡಿ. ಅದು ನೈಟ್ರೋಸೆಲ್ಯುಲೋಸ್. 1846ರಲ್ಲಿ ರಸಾಯನಶಾಸ್ತ್ರಜ್ಞ ಶೋನ್‌ಬೈನ್ ತಯಾರಿಸಿದ ಸಿಡಿಹತ್ತಿಯ ಜಾತಿಗೇ ಸೇರಿದ್ದು. ಬೂದಿಯೇ ಉಳಿಯದಂತೆ ಕ್ಷಣದಲ್ಲಿ ಉರಿಯುತ್ತದೆ. ಅದಕ್ಕೇ ಅದನ್ನು ಒದ್ದೆಯಾಗಿಟ್ಟು ಸಾಗಿಸುತ್ತಾರೆ, ವಿಮಾನದಲ್ಲಿ ಒಯ್ಯುವಂತಿಲ್ಲ. ಪ್ಲಾಸ್ಟಿಕ್ ಟಿಪ್ ಹಾಕಿದ ಬೆರಳ ಹತ್ತಿರ ಅದನ್ನು ಹಚ್ಚುವ ಯೋಚನೆಯನ್ನೇ ಬಿಡಿ. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿದರೆ ಬಿಡಿಸಲಾಗುವುದಿಲ್ಲ. ಹುಟ್ಟುಹಬ್ಬದ ಮನೆ, ಬಲೂನು, ಮಕ್ಕಳ ನೈಲಾನ್ ಫ್ರಾಕು. ಬೆಂಕಿಗೆ ಅಲ್ಲಿ ಜಾಗ ಇಲ್ಲ.

ಹೊಸಬ_ಮೈಸೂರು:
ನನಗೆ ಕರ್ಚೀಫ್ ಮತ್ತು ನೋಟು ಎರಡೇ ಸಾಕು. ಒಂದು ಕೊನೆಯ ಅನುಮಾನ. ಅಕ್ಕನ ಮಗಳಿಗೆ ಏಳು ವರ್ಷ, ತುಂಬಾ ಚುರುಕು. ಕರ್ಚೀಫ್ ಮಾಯವಾದ ಕೂಡಲೇ "ಮಾಮ, ಕೈ ತೋರಿಸು" ಅಂತ ಎರಡೂ ಕೈ ಹಿಡಿದುಕೊಳ್ಳುತ್ತಾಳೆ. ಆಗ ಏನು ಮಾಡಲಿ?

ಕರಾವಳಿ_ಜಾದೂ:
ಏಳು ವರ್ಷದ ಮಕ್ಕಳು ದೊಡ್ಡವರಿಗಿಂತ ಕಷ್ಟ. ನೀವು ನೋಡಿದ ಕಡೆ ಅವರು ನೋಡುವುದಿಲ್ಲ. ಎತ್ತರವೂ ಕಡಿಮೆ, ಕೆಳಗಿನಿಂದ ನೋಡುತ್ತಾರೆ. ನೀವು ನಿಂತು ಮಾಡಿದರೆ ಟಿಪ್ಪಿನ ಅಂಚು ಅವರ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಕುಳಿತು ಮಾಡಿ. ಅವಳನ್ನು ಎದುರಿಗೇ ಕೂರಿಸಿಕೊಳ್ಳಿ, ಪಕ್ಕದಲ್ಲಿ ಬೇಡ.

ಕೈಚಳಕ:
ಕೈ ಹಿಡಿಯುವ ಮೊದಲೇ ಟಿಪ್ ಕೈಯಲ್ಲಿ ಇರಬಾರದು. ಅಂಗಿಯ ಬಲ ಜೇಬಲ್ಲಿ ಒಂದು ಚಾಕೊಲೇಟ್ ಇಟ್ಟುಕೊಳ್ಳಿ. ಕರ್ಚೀಫ್ ಮುಷ್ಟಿಯಲ್ಲಿದೆ ಅಂತ ಅವಳು ನಂಬಿರುವಾಗಲೇ, ಅಂದರೆ ಮುಷ್ಟಿ ಬಿಚ್ಚುವ ಮೊದಲೇ, "ಮಂತ್ರಕ್ಕೆ ಒಂದು ಚಾಕೊಲೇಟ್ ಬೇಕು" ಅಂತ ಬಲಗೈ ಜೇಬಿಗೆ ಹಾಕಿ. ಟಿಪ್ ಅಲ್ಲೇ ಬಿಟ್ಟು ಚಾಕೊಲೇಟ್ ತೆಗೆಯಿರಿ. ಅದನ್ನು ಅವಳ ಕೈಗೆ ಕೊಟ್ಟು ಮುಷ್ಟಿಯ ಮೇಲೆ ಸುತ್ತಿಸಿ. ಆಮೇಲೆ ಬಿಚ್ಚಿ. ಈಗ ಎರಡೂ ಕೈ ನಿಜಕ್ಕೂ ಖಾಲಿ. ಹಿಡಿದು ತಿರುಗಿಸಿ ನೋಡಲಿ, ಬೇಕಾದಷ್ಟು ಹೊತ್ತು.

ನೋಟಿನ ಆಟ ಅದೇ ದಿನ ಮಾಡುವುದಾದರೆ ಎಡ ಜೇಬಲ್ಲಿ ಐನೂರು ತುಂಬಿದ ಇನ್ನೊಂದು ಟಿಪ್ ಇಟ್ಟುಕೊಳ್ಳಿ. ಒಂದನ್ನೇ ಎಲ್ಲರ ಮುಂದೆ ಖಾಲಿ ಮಾಡಿ ತುಂಬುವುದು ಆಗದ ಮಾತು. ಎರಡು ಆಟದ ನಡುವೆ ಕೇಕ್ ಕತ್ತರಿಸಲಿ.

ಇಸ್ಪೀಟು_ರಾಣಿ:
ಎರಡನೆಯದು ಕೊಳ್ಳುವಾಗ ಮೆತ್ತನೆ ವಿನೈಲಿನದು ಕೇಳಿ. ಅರ್ಜೆಂಟೀನಾದ ವೆರ್ನೆಟ್ ಕಂಪನಿಯದು ಒಳ್ಳೆಯದು, ಬೆಲೆ ಮಾತ್ರ ಜಾಸ್ತಿ. ಕಂದು ಬಣ್ಣದ್ದೂ ಸಿಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಆದರೆ ಉಗುರು ತಗುಲಿ ಟಕ್ ಅನ್ನುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಆಕಾರ ಕೆಡುತ್ತದೆ. ಒಳಗೆ ಸ್ವಲ್ಪ ಹತ್ತಿ ತುಂಬಿಟ್ಟರೆ ಚಪ್ಪಟೆಯಾಗುವುದಿಲ್ಲ. ಹುಟ್ಟುಹಬ್ಬ ಆದ ಮೇಲೆ ಹೇಗಾಯಿತು ಅಂತ ಇಲ್ಲೇ ಬರೆಯಿರಿ.